ಮಾರಾಟವಾಗದ ಮನೆ: ಬೆಲೆ ಇಳಿಸಬೇಕೇ, ಕಾಯಬೇಕೇ?

ನಿಮ್ಮ ಬೀದಿಯಲ್ಲೇ ಇಂಥದೊಂದು ಮನೆ ಇರಬಹುದು. ಗೇಟಿಗೆ ಕಟ್ಟಿದ ತಗಡಿನ ಫಲಕದ ಮೇಲೆ 'ಮನೆ ಮಾರಾಟಕ್ಕಿದೆ' ಎಂದು ಬರೆದಿದೆ. ನೀವು ಎಂಟನೆಯ ತರಗತಿಯಲ್ಲಿದ್ದಾಗ ಕಂಡ ಆ ಫಲಕ ನೀವು ಹತ್ತನೆಯ ತರಗತಿಗೆ ಬಂದರೂ ಅಲ್ಲಿಯೇ ಇದೆ. ಬಣ್ಣ ಮಾತ್ರ ಮಾಸಿದೆ. ಆ ಮನೆಯ ಒಡೆಯರು ತಿಂಗಳಿಗೊಮ್ಮೆಯಾದರೂ ತಮ್ಮನ್ನು ತಾವೇ ಕೇಳಿಕೊಂಡಿರುತ್ತಾರೆ: ಬೆಲೆ ಇಳಿಸೋಣವೇ, ಇನ್ನೂ ಸ್ವಲ್ಪ ಕಾಯೋಣವೇ?

ಇದು ದೊಡ್ಡವರ ವ್ಯವಹಾರ, ನಮಗೇಕೆ ಎನ್ನಬೇಡಿ. ನಮ್ಮ ಮನೆಯಲ್ಲಿ ಈ ಪ್ರಶ್ನೆ ಎದ್ದಾಗ ಅದಕ್ಕೆ ಗಂಟುಬಿದ್ದಿದ್ದುದು ನನ್ನ ತಂಗಿಯ ಮಗಳ ಕಾಲೇಜು ಶುಲ್ಕ. ಲೆಕ್ಕ ಹಾಕಿದವಳೂ ಅವಳೇ. ಆಗಷ್ಟೇ ದ್ವಿತೀಯ ಪಿ.ಯು.ಸಿ. ಪರೀಕ್ಷೆ ಮುಗಿಸಿ ಬಂದಿದ್ದಳು. ಚರ್ಚಾ ಕಾರ್ಯಕ್ರಮದಲ್ಲಿ ಅಂಕಿಗಳು ಪರದೆಯ ಮೇಲೆ ಬಂದು ಮರುಕ್ಷಣ ಮಾಯವಾಗುತ್ತವೆ. ಇಲ್ಲಿ ಆ ಅವಸರವಿಲ್ಲ. ಕೈಯಲ್ಲೊಂದು ಪೆನ್ಸಿಲ್ ಇರಲಿ.

ಅದು ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ತಂದೆ ಕಟ್ಟಿಸಿದ ಮನೆ. ಅವರು ತೀರಿಕೊಂಡ ಬಳಿಕ, ಮಕ್ಕಳು ಮೂವರೂ ಬೇರೆ ಬೇರೆ ಊರುಗಳಲ್ಲಿ ನೆಲೆಸಿದ್ದುದರಿಂದ, ಮಾರುವುದೆಂದು ತೀರ್ಮಾನಿಸಿದೆವು. ಬೆಲೆ 1 ಕೋಟಿ 20 ಲಕ್ಷ ರೂಪಾಯಿ ಎಂದು ಅಣ್ಣ ಹೇಳಿದ. ಎಲ್ಲಿಂದ ಬಂತು ಆ ಅಂಕಿ? ಹಿಂದಿನ ರಸ್ತೆಯ ಮನೆಯೊಂದು ಅಷ್ಟಕ್ಕೆ ಹೋಯಿತೆಂದು ಯಾರೋ ಹೇಳಿದ್ದರು. ಅದು ಮೂಲೆ ನಿವೇಶನದ ಎರಡಂತಸ್ತಿನ ಮನೆ ಎಂಬುದು ನಮಗೆ ತಿಳಿದದ್ದು ತಡವಾಗಿ. ಅಷ್ಟರಲ್ಲಿ ಆ ಅಂಕಿ ಮನಸ್ಸಿನಲ್ಲಿ ಬೇರು ಬಿಟ್ಟಿತ್ತು. ಮೊದಲ ತಿಂಗಳಲ್ಲೇ 1 ಕೋಟಿ 12 ಲಕ್ಷ ಕೊಡುತ್ತೇವೆಂದು ಬಂದ ದಂಪತಿಗಳಿಗೆ ಕಾಫಿ ಕೊಟ್ಟು ಕಳುಹಿಸಿಬಿಟ್ಟೆವು. ಅವರು ನಮ್ಮ ಕಿಸೆಯಿಂದ 8 ಲಕ್ಷ ಕಿತ್ತುಕೊಳ್ಳಲು ಬಂದವರಂತೆ ನಮಗೆ ಕಂಡಿದ್ದರು.

ಮನಶ್ಶಾಸ್ತ್ರಜ್ಞರು ಇಂಥ ಅಂಕಿಯನ್ನು ಹಡಗಿನ ಲಂಗರಿಗೆ ಹೋಲಿಸುತ್ತಾರೆ. ಒಮ್ಮೆ ಇಳಿಬಿಟ್ಟರೆ ಆಲೋಚನೆ ಅದರ ಸುತ್ತಲೇ ತೇಲುತ್ತದೆ. 1987ರಲ್ಲಿ ಪ್ರಕಟವಾದ ಗ್ರೆಗರಿ ನಾರ್ತ್‌ಕ್ರಾಫ್ಟ್ ಮತ್ತು ಮಾರ್ಗರೆಟ್ ನೀಲ್ ಅವರ ಪ್ರಯೋಗವೊಂದನ್ನು ಕೇಳಿ. ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ನಗರದಲ್ಲಿ ಒಂದೇ ಮನೆಯನ್ನು ವಿದ್ಯಾರ್ಥಿಗಳಿಗೂ ಅನುಭವಿ ಮನೆ ದಲ್ಲಾಳಿಗಳಿಗೂ ತೋರಿಸಿ, ಬೆಲೆ ಅಂದಾಜು ಮಾಡಲು ಹೇಳಿದರು. ಎಲ್ಲರಿಗೂ ಕೊಟ್ಟ ಮಾಹಿತಿ ಒಂದೇ, ಆದರೆ ಮಾಲೀಕರು ಕೇಳುತ್ತಿರುವ ಬೆಲೆಯೆಂದು ಕೆಲವರಿಗೆ 65,900 ಡಾಲರ್, ಇನ್ನು ಕೆಲವರಿಗೆ 83,900 ಡಾಲರ್, ಉಳಿದವರಿಗೆ ಇವೆರಡರ ನಡುವಿನ ಅಂಕಿಗಳು. ಹೆಚ್ಚಿನ ಅಂಕಿ ಕಂಡವರ ಅಂದಾಜೂ ಹೆಚ್ಚಾಯಿತು. ವಿದ್ಯಾರ್ಥಿಗಳು ಮಾತ್ರವಲ್ಲ, ದಲ್ಲಾಳಿಗಳೂ ಬಾಗಿದರು. ವ್ಯತ್ಯಾಸವಿಷ್ಟೇ: ಕೇಳಿದ ಬೆಲೆ ತಮ್ಮ ಮೇಲೆ ಪ್ರಭಾವ ಬೀರಿತೆಂದು ಒಪ್ಪಿಕೊಂಡ ದಲ್ಲಾಳಿಗಳು ಬಹಳ ಕಡಿಮೆ.

ಲಂಗರಿನ ಜೊತೆಗೆ ನಷ್ಟದ ಭಯವೂ ಸೇರಿಕೊಳ್ಳುತ್ತದೆ. ನೂರು ರೂಪಾಯಿ ಸಿಕ್ಕಾಗಿನ ಸಂತೋಷಕ್ಕಿಂತ ನೂರು ರೂಪಾಯಿ ಕಳೆದಾಗಿನ ಸಂಕಟ ಹೆಚ್ಚು ಎಂಬುದನ್ನು ಡೇನಿಯಲ್ ಕಾನ್‌ಮನ್ ಮತ್ತು ಅಮೋಸ್ ಟ್ವರ್ಸ್ಕಿ 1979ರ ತಮ್ಮ ಸಿದ್ಧಾಂತದಲ್ಲಿ ಅಡಕಗೊಳಿಸಿದರು. ಮನೆ ಮಾರಾಟದಲ್ಲಿ ಇದನ್ನು ಅಳೆದು ನೋಡಿದವರು ಡೇವಿಡ್ ಜೆನೆಸೋವ್ ಮತ್ತು ಕ್ರಿಸ್ಟೋಫರ್ ಮೇಯರ್. 1990ರ ದಶಕದ ಬಾಸ್ಟನ್ ನಗರದ ಫ್ಲ್ಯಾಟುಗಳ ಮಾರಾಟವನ್ನು ಪರಿಶೀಲಿಸಿ 2001ರಲ್ಲಿ ಅವರು ಪ್ರಕಟಿಸಿದ ಲೆಕ್ಕವನ್ನು ನಮ್ಮ ರೂಪಾಯಿಗಳಲ್ಲಿ ಹೇಳುವುದಾದರೆ ಹೀಗೆ: ಕೊಂಡ ಬೆಲೆಗಿಂತ 10 ಲಕ್ಷ ಕಡಿಮೆಗೆ ಮಾರಬೇಕಾಗಿ ಬಂದವರು, ಅಂಥ ನಷ್ಟವಿಲ್ಲದವರಿಗಿಂತ ಎರಡೂವರೆಯಿಂದ ಮೂರೂವರೆ ಲಕ್ಷ ಹೆಚ್ಚು ಕೇಳುತ್ತಿದ್ದರು. ಕೊನೆಗೆ ಅವರಿಗೆ ಹೆಚ್ಚಾಗಿ ದೊರೆತದ್ದು 30 ಸಾವಿರದಿಂದ 1 ಲಕ್ಷ 80 ಸಾವಿರದವರೆಗೆ ಮಾತ್ರ, ಅದೂ ಹೆಚ್ಚು ದಿನ ಕಾದ ಮೇಲೆ. ಸ್ವಂತ ವಾಸದ ಮನೆಯವರಲ್ಲಿ ಈ ಪ್ರವೃತ್ತಿ ಹೂಡಿಕೆದಾರರಲ್ಲಿ ಇದ್ದುದರ ಸುಮಾರು ಎರಡರಷ್ಟಿತ್ತು. ನಮ್ಮ ತಂದೆ ಮನೆ ಕಟ್ಟಿಸಿದ ಕಾಲದ ಖರ್ಚಿಗೆ ಹೋಲಿಸಿದರೆ ನಮಗೆ ನಷ್ಟದ ಮಾತೇ ಇರಲಿಲ್ಲ. ಆದರೂ ಕಂಡವರ ಮನೆಯ ಬೆಲೆಯಿಂದ ಕೆಳಗಿಳಿಯುವುದನ್ನೇ ನಾವು ನಷ್ಟವೆಂದು ಬಗೆದಿದ್ದೆವು.

ಹಾಗೆಂದು, ಮನೆ ಮಾರಾಟವಾಗದಿದ್ದರೆ ಬೆಲೆ ಇಳಿಸುವುದೊಂದೇ ಮದ್ದು ಎಂದು ತಿಳಿಯಬೇಡಿ. ಜ್ವರಕ್ಕೆಲ್ಲ ಒಂದೇ ಗುಳಿಗೆ ಕೊಡುವ ವೈದ್ಯರನ್ನು ನೀವು ನಂಬುತ್ತೀರಾ? ಮೊದಲು ಎಲ್ಲಿ ತಡೆಯಾಗಿದೆ ಎಂಬುದನ್ನು ನೋಡಬೇಕು. ಮನೆ ನೋಡಲು ಜನರೇ ಬರುತ್ತಿಲ್ಲವಾದರೆ ಬೆಲೆ ಹೆಚ್ಚಾಗಿರಬಹುದು, ಇಲ್ಲವೇ ಸುದ್ದಿಯೇ ತಲುಪಿರಲಿಕ್ಕಿಲ್ಲ. ಬಂದು ನೋಡಿ ಬೆಲೆಯ ಮಾತೆತ್ತದೆ ಹೋಗುತ್ತಿದ್ದರೆ, ಅಷ್ಟೇ ಹಣಕ್ಕೆ ಬೇರೆಡೆ ಇದಕ್ಕಿಂತ ಒಳ್ಳೆಯದು ಸಿಗುತ್ತಿದೆ ಎಂದರ್ಥ. ಬೆಲೆ ಕುದುರಿ ಮುಂಗಡದ ಮಾತಾದ ಮೇಲೆ ವ್ಯವಹಾರ ಮುರಿಯುತ್ತಿದ್ದರೆ? ಆಗ ಬೆಲೆಯನ್ನು ಬಿಟ್ಟು ಕಾಗದಪತ್ರಗಳ ಕಡತ ತೆಗೆಯಿರಿ.

ನಮ್ಮ ಮನೆಗೆ ಬಂದವರ ವಿವರವನ್ನು ಪಕ್ಕದ ಮನೆಯವರು, ಕೀಲಿಕೈ ಅವರಲ್ಲಿದ್ದುದರಿಂದ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಮೊದಲ ಎರಡು ತಿಂಗಳಲ್ಲಿ 31 ಮಂದಿ, ಮುಂದಿನ ಐದು ತಿಂಗಳಲ್ಲಿ 4. ಇಬ್ಬರು 1 ಕೋಟಿ 8 ಲಕ್ಷದವರೆಗೆ ಬಂದು ಹಿಂದೆ ಸರಿದಿದ್ದರು. ಕಾರಣ ಕೇಳುವ ಗೋಜಿಗೆ ನಾವು ಹೋಗಿರಲಿಲ್ಲ. ಸೊಸೆ ಹೋಗಿ ಕೇಳಿದಳು. ಇಬ್ಬರದೂ ಬ್ಯಾಂಕ್ ಸಾಲ; ಖಾತೆ ಇನ್ನೂ ತೀರಿಕೊಂಡ ತಂದೆಯ ಹೆಸರಿನಲ್ಲೇ ಇದ್ದುದರಿಂದ ಬ್ಯಾಂಕಿನವರು ಒಪ್ಪಿರಲಿಲ್ಲ. ಕರ್ನಾಟಕದ ನಗರಗಳಲ್ಲಿ ಈಗ ನೋಂದಣಿಗೆ ಇ-ಖಾತೆ ಬೇಕು. ಖಾತೆಯಿಲ್ಲದ ಮನೆಗೆ ಎಷ್ಟು ಲಕ್ಷ ಇಳಿಸಿದರೂ ಸಾಲ ಪಡೆದು ಕೊಳ್ಳುವವರು ಸಿಗುವುದಿಲ್ಲ.

ಅವರಲ್ಲೊಬ್ಬರು ಇನ್ನೊಂದು ಉಪಯುಕ್ತ ಸಂಗತಿಯನ್ನೂ ಹೇಳಿದರು: ಬ್ಯಾಂಕಿನ ಮೌಲ್ಯಮಾಪಕರು ನಮ್ಮ ಮನೆಗೆ ಕಟ್ಟಿದ ಬೆಲೆ 1 ಕೋಟಿ 6 ಲಕ್ಷ. ಗೃಹಸಾಲ 75 ಲಕ್ಷ ಮೀರಿದರೆ, ರಿಸರ್ವ್ ಬ್ಯಾಂಕಿನ ನಿಯಮದಂತೆ, ಮೌಲ್ಯದ ಶೇಕಡಾ 75ಕ್ಕಿಂತ ಹೆಚ್ಚು ಕೊಡುವಂತಿಲ್ಲ. ಗುಣಿಸಿ ನೋಡಿ: 79 ಲಕ್ಷ 50 ಸಾವಿರ. 1 ಕೋಟಿ 20 ಲಕ್ಷಕ್ಕೆ ಕೊಳ್ಳುವವರು ಉಳಿದ 40 ಲಕ್ಷ 50 ಸಾವಿರವನ್ನು ಕೈಯಿಂದ ಹಾಕಬೇಕು. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಬೇರೆ. ನಾವು ಏರಿಸಿದ ಪ್ರತಿಯೊಂದು ರೂಪಾಯಿಯೂ ಅವರ ಉಳಿತಾಯದಿಂದಲೇ ಬರಬೇಕಿತ್ತು. 31 ಮಂದಿ ಏಕೆ ಮೌನವಾಗಿ ಹೋದರೆಂಬುದು ನನಗೆ ಅರ್ಥವಾದದ್ದು ಆಗ.

ಈಗ ಕಾಯುವುದರ ಲೆಕ್ಕ. ಕೈಗೆ ಬಂದ ಬೆಲೆ 1 ಕೋಟಿ 8 ಲಕ್ಷ, ಬಯಸಿದ್ದು 1 ಕೋಟಿ 20 ಲಕ್ಷ, ಅಂತರ 12 ಲಕ್ಷ. ಇಂದೇ ಮಾರಿ ಹಣವನ್ನು ಶೇಕಡಾ 6ರ ನಿಶ್ಚಿತ ಠೇವಣಿಯಲ್ಲಿಟ್ಟರೆ ತಿಂಗಳಿಗೆ 54,000 ರೂಪಾಯಿ ಬಡ್ಡಿ. ಬಡ್ಡಿಯ ಮೇಲಿನ ತೆರಿಗೆಯನ್ನು ಸದ್ಯಕ್ಕೆ ಬದಿಗಿಡೋಣ. ಮನೆ ತೆರಿಗೆ, ಕಸಗುಡಿಸುವವರ ಕೂಲಿ, ನಾವು ಹೋಗಿಬರುವ ಖರ್ಚು ಸೇರಿ 6,000. ಅಂದರೆ ಖಾಲಿ ಮನೆ ತಿಂಗಳಿಗೆ 60,000 ತಿನ್ನುತ್ತದೆ. 12 ಲಕ್ಷವನ್ನು ಅದರಿಂದ ಭಾಗಿಸಿದರೆ 20 ತಿಂಗಳು. ಅಷ್ಟರೊಳಗೆ 1 ಕೋಟಿ 20 ಲಕ್ಷ ಖಂಡಿತ ಸಿಗುವುದಾದರೆ ಕಾಯುವುದೇ ಲಾಭ. ಅಣ್ಣನ ಮುಖ ಅರಳಿತು.

ಆದರೆ 'ಖಂಡಿತ' ಎಂಬ ಪದವನ್ನು ಗಣಿತ ಸುಮ್ಮನೆ ಬಿಡುವುದಿಲ್ಲ. ಸೊಸೆ ಸಂಭವನೀಯತೆಯನ್ನು ತಂದಳು. ಒಂದು ವರ್ಷ ಕಾದರೆ 1 ಕೋಟಿ 20 ಲಕ್ಷ ಸಿಗುವ ಸಾಧ್ಯತೆ ಅರ್ಧ, ಸೋತು 1 ಕೋಟಿ 4 ಲಕ್ಷಕ್ಕೆ ಕೊಡಬೇಕಾಗುವ ಸಾಧ್ಯತೆ ಅರ್ಧ ಎಂದುಕೊಳ್ಳಿ. ಸರಾಸರಿ 1 ಕೋಟಿ 12 ಲಕ್ಷ. ಅದರಿಂದ ವರ್ಷದ ಖರ್ಚು 7 ಲಕ್ಷ 20 ಸಾವಿರ ಕಳೆದರೆ 1 ಕೋಟಿ 4 ಲಕ್ಷ 80 ಸಾವಿರ. ಕೈಯಲ್ಲಿರುವುದಕ್ಕಿಂತ 3 ಲಕ್ಷ 20 ಸಾವಿರ ಕಡಿಮೆ. ಕಾಯುವುದು ಸರಿಸಮವಾಗಬೇಕಾದರೆ ಗೆಲ್ಲುವ ಸಾಧ್ಯತೆ ಎಷ್ಟಿರಬೇಕು? ಬೀಜಗಣಿತದ ಒಂದೇ ಸಮೀಕರಣ. ಉತ್ತರ ಶೇಕಡಾ 70. ಐದು ತಿಂಗಳಲ್ಲಿ ನಾಲ್ಕೇ ಮಂದಿ ಬಂದ ಮನೆಗೆ ಶೇಕಡಾ 70! ಬಡಾವಣೆಯಲ್ಲಿ ಬೆಲೆ ನಿಜಕ್ಕೂ ಏರುತ್ತಿದ್ದರೆ ಈ ಲೆಕ್ಕ ಬದಲಾಗುತ್ತದೆ, ಸಂಶಯವಿಲ್ಲ. ಆದರೆ ಏರಿಕೆಗೆ ಆಧಾರ ಇತ್ತೀಚೆಗೆ ನೋಂದಣಿಯಾದ ಕ್ರಯಪತ್ರಗಳಾಗಬೇಕು, ಟೀ ಅಂಗಡಿಯ ಮಾತಲ್ಲ.

ಇನ್ನೊಂದನ್ನು ಗಮನಿಸಿ. ಮೂವರಿಗೂ ಕಾಯುವ ಖರ್ಚು ಒಂದೇ ಅಲ್ಲ. ಅಣ್ಣನಿಗೆ ಹಣದ ಅವಸರವಿರಲಿಲ್ಲ. ತಂಗಿ ಮಗಳ ತರಬೇತಿ ಶುಲ್ಕಕ್ಕೆಂದು ಅಮ್ಮನ ಬಳೆಗಳನ್ನು ಒತ್ತೆಯಿಟ್ಟು, ಠೇವಣಿಯ ಬಡ್ಡಿಗಿಂತ ಬಹಳ ಹೆಚ್ಚಿನ ದರದಲ್ಲಿ ಬಡ್ಡಿ ಕಟ್ಟುತ್ತಿದ್ದಳು. ಹಾಳೆಯ ಮೇಲೆ ಬರೆಯುವವರೆಗೆ ಈ ವಿಷಯ ಅಣ್ಣನಿಗಾಗಲಿ ನನಗಾಗಲಿ ಗೊತ್ತಿರಲಿಲ್ಲ. ಅಣ್ಣ ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ ಕೇಳಿದ: "ಅಪ್ಪ ಕಟ್ಟಿಸಿದ ಮನೆ ಅನ್ನುವುದಕ್ಕೆ ಇದರಲ್ಲಿ ಎಷ್ಟು ಹಾಕಿದ್ದೀಯಮ್ಮ?" ಸೊಸೆ ಪೆನ್ಸಿಲ್ ಕೆಳಗಿಟ್ಟಳು.

ಇಳಿಸುವುದೆಂದಾದರೆ ಎಷ್ಟು? ತಿಂಗಳಿಗೊಂದು ಲಕ್ಷದಂತೆ ಇಳಿಸುತ್ತ ಹೋದರೆ ಕೊಳ್ಳುವವರು ಇನ್ನೂ ಇಳಿಯಲಿ ಎಂದು ಕಾಯುತ್ತಾರೆ. ಮನೆಗೇನೋ ದೋಷವಿದೆಯೆಂದು ಅನುಮಾನಿಸುವವರೂ ಉಂಟು. ಆದ್ದರಿಂದ ಒಮ್ಮೆ, ಎದ್ದುಕಾಣುವಷ್ಟು ಇಳಿಸುವುದು ಮೇಲೆಂಬುದು ನನ್ನ ಅಭಿಪ್ರಾಯ. ಕೆಳಗೂ ಒಂದು ಮಿತಿಯಿದೆ: ಸರ್ಕಾರದ ಮಾರ್ಗಸೂಚಿ ಮೌಲ್ಯ. ಇದು ಮಾರಿದ ಬೆಲೆಯ ಶೇಕಡಾ 110ನ್ನು ಮೀರಿದರೆ, ಆದಾಯ ತೆರಿಗೆಯವರು ಆ ಮೌಲ್ಯಕ್ಕೇ ಮಾರಿದಿರೆಂದು ಲೆಕ್ಕ ಹಿಡಿಯುತ್ತಾರೆ. ಕರ್ನಾಟಕದಲ್ಲಿ 2023ರ ಅಕ್ಟೋಬರಿನಲ್ಲಿ ಈ ಮೌಲ್ಯಗಳು ಏರಿದ್ದರಿಂದ ಹಳೆಯ ಅಂಕಿಯನ್ನು ನಂಬಬಾರದು.

ನಾವು ಮೊದಲು ಖಾತೆಯನ್ನು ಮೂವರ ಹೆಸರಿಗೆ ಮಾಡಿಸಿದೆವು. ಅದಕ್ಕೇ ಎರಡು ತಿಂಗಳು ಹಿಡಿಯಿತು. ಆಮೇಲೆ ಬೆಲೆಯನ್ನು 1 ಕೋಟಿ 12 ಲಕ್ಷಕ್ಕೆ ಇಳಿಸಿ ಹೊಸದಾಗಿ ಪ್ರಕಟಿಸಿದೆವು. ಮೂರು ವಾರಗಳಲ್ಲಿ 14 ಮಂದಿ ಬಂದರು. 1 ಕೋಟಿ 9 ಲಕ್ಷಕ್ಕೆ ಒಪ್ಪಂದವಾಗಿ, ಆಗಸ್ಟಿನಲ್ಲಿ ನೋಂದಣಿಯಾಯಿತು. ಉಪನೋಂದಣಾಧಿಕಾರಿಗಳ ಕಚೇರಿಯಿಂದ ಹೊರಬಂದು ತಂಗಿ ನೇರವಾಗಿ ಬಳೆ ಬಿಡಿಸಲು ಹೋದಳು. ಅಣ್ಣ ಅವಳ ಜೊತೆಗೆ ಹೋದ.