ಒಗರಿನೊಳಗಿನ ಸತ್ತ್ವ: ನೆಲ್ಲಿ, ಅಳಲೆ, ತಾರೆಕಾಯಿಗಳ ಕುರಿತು ನಾಲ್ಕು ಮಾತು

ಶ್ರೀಮಠದ ದರ್ಶನಕ್ಕೆ ಬರುವ ಭಕ್ತರು ಪ್ರಸಾದ ಸ್ವೀಕರಿಸಿದ ಬಳಿಕ ತಮ್ಮ ಆರೋಗ್ಯದ ಸಂಗತಿಗಳನ್ನು ನಮ್ಮೊಡನೆ ಹಂಚಿಕೊಳ್ಳುವುದುಂಟು. ಇತ್ತೀಚೆಗೆ ಹಿರಿಯರೊಬ್ಬರು ತ್ರಿಫಲಾ ಚೂರ್ಣದ ಪೊಟ್ಟಣವನ್ನು ತೋರಿಸಿ, "ಇದರಲ್ಲಿ ಆಂಟಿಆಕ್ಸಿಡೆಂಟ್ ಬಹಳ ಇದೆಯಂತೆ, ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟು ಎರಡು ತಿಂಗಳಾಯಿತು ಬುದ್ಧಿ" ಎಂದರು. ಅವರನ್ನು ಅಂದೇ ವೈದ್ಯರ ಬಳಿಗೆ ಕಳುಹಿಸಿಕೊಟ್ಟೆವು. ಪೊಟ್ಟಣದ ಮೇಲಿನ ಆ ಒಂದು ಪದ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ವಿವರಿಸುವುದು ನಮ್ಮ ಕರ್ತವ್ಯವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ನೆಲ್ಲಿ, ಅಳಲೆ, ತಾರೆ ಈ ಮೂರು ಕಾಯಿಗಳ ಚೂರ್ಣವೇ ತ್ರಿಫಲಾ. ಮೂರರಲ್ಲಿಯೂ ಸಮಾನವಾಗಿರುವುದು ಒಗರು ರುಚಿ. ಈ ಒಗರಿಗೆ ಮುಖ್ಯ ಕಾರಣ ಟ್ಯಾನಿನ್ ಎಂಬ ಪದಾರ್ಥಗಳು. ಅವು ನಮ್ಮ ಜೊಲ್ಲಿನಲ್ಲಿರುವ ಪ್ರೋಟೀನುಗಳನ್ನು ಹಿಡಿದುಕೊಳ್ಳುವುದರಿಂದ ನಾಲಿಗೆ ಒಣಗಿ ಬಿಗಿದಂತಾಗುತ್ತದೆ. ಟ್ಯಾನಿನ್‌ಗಳು ಪಾಲಿಫೀನಾಲ್ ಎಂಬ ದೊಡ್ಡ ಕುಲಕ್ಕೆ ಸೇರಿದವು. ಕೀಟಗಳಿಂದಲೂ ರೋಗಾಣುಗಳಿಂದಲೂ ತನ್ನನ್ನು ಕಾಪಾಡಿಕೊಳ್ಳಲು ಸಸ್ಯವು ಇಂತಹ ಪದಾರ್ಥಗಳನ್ನು ತಯಾರಿಸಿಕೊಳ್ಳುತ್ತದೆ.

ಬದನೆಕಾಯಿಯನ್ನು ಹೆಚ್ಚಿ ಹಾಗೆಯೇ ಬಿಟ್ಟರೆ ಕಪ್ಪಾಗುವುದನ್ನು ನಮ್ಮ ತಾಯಂದಿರೆಲ್ಲರೂ ಬಲ್ಲರು. ಕಾಯಿಯಲ್ಲಿರುವ ಪಾಲಿಫೀನಾಲ್‌ಗಳು ಗಾಳಿಯ ಆಮ್ಲಜನಕದೊಡನೆ ವರ್ತಿಸಿದ್ದರ ಫಲವಿದು. ಇದಕ್ಕೆ ಉತ್ಕರ್ಷಣವೆಂದು ಹೆಸರು. ನಮ್ಮ ದೇಹದಲ್ಲಿಯೂ ಉಸಿರಾಟ ಮತ್ತು ಪಚನಕ್ರಿಯೆಗಳ ನಡುವೆ ಮುಕ್ತ ರ್‍ಯಾಡಿಕಲ್‌ಗಳೆಂಬ ಚಂಚಲ ಕಣಗಳು ಹುಟ್ಟುತ್ತವೆ. ಅವು ಮಿತಿಮೀರಿದರೆ ಜೀವಕೋಶಗಳಿಗೆ ಹಾನಿ. ಅವುಗಳಿಗೆ ತನ್ನದೊಂದು ಎಲೆಕ್ಟ್ರಾನನ್ನು ನೀಡಿ ಶಾಂತಗೊಳಿಸುವ ಪದಾರ್ಥವೇ ಆಂಟಿಆಕ್ಸಿಡೆಂಟ್, ಅಂದರೆ ಉತ್ಕರ್ಷಣ ನಿರೋಧಕ. ಆದರೆ ಈ ಕಣಗಳೆಲ್ಲವೂ ಶತ್ರುಗಳಲ್ಲ. ರೋಗಾಣುಗಳನ್ನು ಕೊಲ್ಲಲು ನಮ್ಮ ಬಿಳಿ ರಕ್ತಕಣಗಳೇ ಅವುಗಳನ್ನು ಬಳಸುತ್ತವೆ.

ಸಸ್ಯದ ಈ ಶಕ್ತಿಯನ್ನು ಪ್ರಯೋಗಾಲಯದಲ್ಲಿ ಅಳೆಯುವ ಪ್ರಸಿದ್ಧ ವಿಧಾನವೊಂದು 1958ರಿಂದ ಬಳಕೆಯಲ್ಲಿದೆ. ಡಿಪಿಪಿಹೆಚ್ ಎಂಬ ರಾಸಾಯನಿಕದ ಕಡುನೇರಳೆ ದ್ರಾವಣಕ್ಕೆ ಕಾಯಿಯ ಸಾರವನ್ನು ಬೆರೆಸುತ್ತಾರೆ. ಬಣ್ಣ ಹಳದಿಯತ್ತ ಎಷ್ಟು ತಿರುಗಿತೆಂಬುದೇ ಅಳತೆ. ಪಾಲಿಫೀನಾಲ್‌ಗಳ ಒಟ್ಟು ಪ್ರಮಾಣವನ್ನು ತಿಳಿಯಲು ಫೋಲಿನ್ ಎಂಬ ಕಾರಕವನ್ನು ಬಳಸುತ್ತಾರೆ. ಅಲ್ಲಿ ನೀಲಿ ಬಣ್ಣ ಗಾಢವಾದಷ್ಟೂ ಅಂಕಿ ಹೆಚ್ಚು. ಆದರೆ ಈ ಕಾರಕವು ಸಿ ಜೀವಸತ್ತ್ವದೊಡನೆಯೂ ವರ್ತಿಸುತ್ತದೆ. ನೆಲ್ಲಿಯಲ್ಲಿ ಸಿ ಜೀವಸತ್ತ್ವ ಹೇರಳವಾಗಿರುವುದರಿಂದ ಅದರ ಅಂಕಿಯೆಲ್ಲವೂ ಪಾಲಿಫೀನಾಲ್‌ಗಳದ್ದೇ ಎನ್ನಲಾಗದು. ಸಾರವನ್ನು ನೀರಿನಲ್ಲಿ ತೆಗೆದರೆ ಒಂದು ಅಂಕಿ, ಮದ್ಯಸಾರದಲ್ಲಿ ತೆಗೆದರೆ ಮತ್ತೊಂದು. ಕಾಯಿಯ ಬಲಿತ, ಬೆಳೆದ ನೆಲ, ಒಣಗಿಸಿದ ಬಗೆ ಇವೆಲ್ಲವೂ ಲೆಕ್ಕವನ್ನು ಬದಲಿಸುತ್ತವೆ.

ಇದಕ್ಕಿಂತ ಮುಖ್ಯವಾದ ವಿಚಾರವೆಂದರೆ, ಪ್ರನಾಳವೇ ಬೇರೆ, ದೇಹವೇ ಬೇರೆ. ನೆಲ್ಲಿ, ಅಳಲೆಗಳ ದೊಡ್ಡ ಟ್ಯಾನಿನ್ ಕಣಗಳು ಇದ್ದ ರೂಪದಲ್ಲಿಯೇ ರಕ್ತವನ್ನು ಸೇರುವುದು ತೀರ ಕಡಿಮೆ. ಕರುಳಿನ ಸೂಕ್ಷ್ಮಜೀವಿಗಳು ಅವುಗಳನ್ನು ಒಡೆದು ಬೇರೆ ಪದಾರ್ಥಗಳನ್ನಾಗಿ ಮಾಡುತ್ತವೆ. ಈ ಕಾರ್ಯ ಎಲ್ಲರ ಕರುಳಿನಲ್ಲಿ ಒಂದೇ ತೆರನಾಗಿ ನಡೆಯುವುದಿಲ್ಲ. ಈ ಕಾರಣದಿಂದಲೇ ಅಮೆರಿಕದ ಕೃಷಿ ಇಲಾಖೆಯು ಆಹಾರಪದಾರ್ಥಗಳ ಆಂಟಿಆಕ್ಸಿಡೆಂಟ್ ಶಕ್ತಿಯ ತನ್ನ ಪಟ್ಟಿಯನ್ನು 2012ರಲ್ಲಿ ಹಿಂದಕ್ಕೆ ಪಡೆಯಿತು.

ಎಚ್ಚರಿಕೆಗೆ ಇನ್ನೊಂದು ನಿದರ್ಶನವಿದೆ. ಫಿನ್ಲೆಂಡಿನಲ್ಲಿ ಧೂಮಪಾನಿಗಳಾದ 29,133 ಪುರುಷರ ಮೇಲೆ ನಡೆದ ಅಧ್ಯಯನದ ಫಲಿತಾಂಶ 1994ರಲ್ಲಿ ಪ್ರಕಟವಾಯಿತು. ಬೀಟಾ ಕ್ಯಾರೊಟಿನ್ ಪಾಲಿಫೀನಾಲ್ ಅಲ್ಲವಾದರೂ ಹೆಸರಾಂತ ಆಂಟಿಆಕ್ಸಿಡೆಂಟ್. ಅದನ್ನು ಮಾತ್ರೆಯ ರೂಪದಲ್ಲಿ ಸೇವಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇಕಡಾ 18ರಷ್ಟು ಹೆಚ್ಚಾಗಿತ್ತು. ತರಕಾರಿ, ಹಣ್ಣುಗಳಲ್ಲಿ ಹಿತವಾಗಿರುವುದು ಮಾತ್ರೆಯಾಗಿ ಬಂದಾಗಲೂ ಹಿತವೇ ಆಗಿರಬೇಕೆಂದಿಲ್ಲ.

ಹಾಗಾದರೆ ನಮ್ಮ ಹಿರಿಯರ ಔಷಧಜ್ಞಾನ ವ್ಯರ್ಥವೇ? ಖಂಡಿತ ಅಲ್ಲ. ನೆಲ್ಲಿಯ ಚಟ್ನಿ, ತಂಬುಳಿ, ಉಪ್ಪಿನಕಾಯಿಗಳು ನಮ್ಮ ಆಹಾರದ ಸಂಪತ್ತು. ಮಲಬದ್ಧತೆಗೆ ತ್ರಿಫಲಾ ನೀಡುವ ಪದ್ಧತಿ ಆಯುರ್ವೇದದಲ್ಲಿ ಬಹು ಹಳೆಯದು. ಆದರೆ ಆ ವೈದ್ಯರು ರೋಗಿಯನ್ನು ಕಂಡು, ಪ್ರಕೃತಿ, ಕಾಲ, ಪ್ರಮಾಣಗಳನ್ನು ವಿಚಾರಿಸಿ ಕೊಡುತ್ತಿದ್ದರು. ಹನ್ನೆರಡನೆಯ ಶತಮಾನದ ಶರಣ ಸಂಕುಲದಲ್ಲಿ ವೈದ್ಯವನ್ನೇ ಕಾಯಕವಾಗಿಸಿಕೊಂಡ ವೈದ್ಯ ಸಂಗಣ್ಣನವರಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ವೈದ್ಯವು ಕಾಯಕವಾದಾಗ ಅದರಲ್ಲಿ ಸತ್ಯ ಶುದ್ಧತೆ ಇರಲೇಬೇಕು. ಪೊಟ್ಟಣದ ಮೇಲಿನ ಅರ್ಧ ಸತ್ಯಕ್ಕೆ ಅಲ್ಲಿ ಸ್ಥಳವಿಲ್ಲ.

ಆದುದರಿಂದ ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೆ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಮಾತ್ರೆಯನ್ನು ಯಾವ ಚೂರ್ಣದ ಭರವಸೆಯಿಂದಲೂ ತಾವಾಗಿಯೇ ನಿಲ್ಲಿಸಬೇಡಿ. ಚೂರ್ಣ ಸೇವಿಸುತ್ತಿದ್ದರೆ ಅದನ್ನು ವೈದ್ಯರಿಗೆ ಮುಚ್ಚಿಡದೆ ತಿಳಿಸಿ. ಟ್ಯಾನಿನ್‌ಗಳು ಕಬ್ಬಿಣದ ಅಂಶವನ್ನು ರಕ್ತ ಸೇರಗೊಡದೆ ತಡೆಯಬಲ್ಲವು. ರಕ್ತಹೀನತೆಗೆ ಮಾತ್ರೆ ಸೇವಿಸುವ ತಾಯಂದಿರು ಅದೇ ಹೊತ್ತಿನಲ್ಲಿ ಅಳಲೆಯ ಚೂರ್ಣವನ್ನಾಗಲಿ, ಚಹಾವನ್ನಾಗಲಿ ಸೇವಿಸದಿರುವುದು ಒಳಿತು. ಹಿತ್ತಲಿನಲ್ಲಿ ಸ್ಥಳವಿದ್ದವರು ಒಂದು ನೆಲ್ಲಿಯ ಸಸಿಯನ್ನು ನೆಡಿ. ಅದರ ಕಾಯಿ ಮಕ್ಕಳ ತಟ್ಟೆಗೆ ಬರಲಿ.

ಇಷ್ಟಲಿಂಗ ಪೂಜೆಗೆ ಆಧಾರವಾದ ಈ ಕಾಯವನ್ನು ಅರಿವಿನಿಂದ ಕಾಪಾಡಿಕೊಳ್ಳೋಣ.