ಫೋಟೊ ತೆಗೆಯಬಾರದು ಎಂಬ ಫಲಕ

ವಿರೂಪಾಪುರಗಡ್ಡೆಯಿಂದ ಹೊಳೆ ದಾಟಿದರೆ ಹಂಪಿ. ಅಲ್ಲಿನ ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಕಾಗದದ ನೆಗೆಟಿವ್ ಮೇಲೆ ಸೆರೆಹಿಡಿದ. ಆ ಚಿತ್ರದಲ್ಲಿ ರಥದ ನೆತ್ತಿಗೆ ಇಟ್ಟಿಗೆಯ ಶಿಖರವಿದೆ. ಇಂದು ಅದು ಇಲ್ಲ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಫೋಟೊ ತೆಗೆದರು. ನಡುವಿನ 127 ವರ್ಷಗಳಲ್ಲಿ ಬಿದ್ದದ್ದೆಷ್ಟು, ಉಳಿದದ್ದೆಷ್ಟು ಎಂಬುದು ಆ ಜೋಡಿ ಚಿತ್ರಗಳಿಂದಲೇ ತಿಳಿಯುತ್ತದೆ. ಗಡ್ಡೆಯಲ್ಲೂ ಅಷ್ಟೆ. ಸುಪ್ರೀಂ ಕೋರ್ಟ್ ತೀರ್ಪಿನಂತೆ 2020ರ ಮಾರ್ಚ್‌ನಲ್ಲಿ ರೆಸಾರ್ಟ್‌ಗಳು ನೆಲಸಮವಾದವು. ಅಕ್ರಮ ಕಟ್ಟಡಗಳು ಹೋಗಬೇಕಾದವೇ. ಆದರೆ ಅಲ್ಲಿ ಹೇಗೆ ಬದುಕು ನಡೆದಿತ್ತು ಎಂದು ನಾಳೆ ಕೇಳುವವರಿಗೆ ಪ್ರವಾಸಿಗರ ಫೋಟೊಗಳು ದೊಡ್ಡ ಸಾಕ್ಷಿ. ಹೀಗಿರುವಾಗ ವಸ್ತುಸಂಗ್ರಹಾಲಯ, ಪತ್ರಾಗಾರಗಳಲ್ಲಿ ಕಾರಣ ಹೇಳದೆ ಕ್ಯಾಮೆರಾ ತಡೆಯುವುದನ್ನು ಒಪ್ಪುವುದು ಕಷ್ಟ.

ಬೆಳಕಿನಿಂದ ಹಾನಿಯಾಗುತ್ತದೆ ಎಂಬುದು ಮೊದಲ ಆಕ್ಷೇಪ. ಇದರಲ್ಲಿ ಹುರುಳಿದೆ. ಬಣ್ಣದ ಚಿತ್ರ, ಬಟ್ಟೆ, ಕಾಗದಕ್ಕೆ ಬಿದ್ದ ಬೆಳಕಿನ ಪೆಟ್ಟು ಕೂಡುತ್ತಲೇ ಹೋಗುತ್ತದೆ. ಅದಕ್ಕೇ ಇಂಥ ವಸ್ತುಗಳಿಗೆ ಸುಮಾರು 50 ಲಕ್ಸ್‌ನ ಮಂದ ಬೆಳಕು ಸಾಕು ಎನ್ನುತ್ತಾರೆ. ಹಾಗಾದರೆ ಫ್ಲ್ಯಾಶ್ ನಿಷೇಧಿಸಿದರಾಯಿತು. ಶಿಲ್ಪಕ್ಕೂ ಶಾಸನಕಲ್ಲಿಗೂ ಈ ಭಯವಿಲ್ಲ. ಪತ್ರಾಗಾರದಲ್ಲಂತೂ ಲೆಕ್ಕ ತಲೆಕೆಳಗಾಗುತ್ತದೆ: ಹೊಲಿದು ಕಟ್ಟಿದ ಹಳೆಯ ದಫ್ತರವನ್ನು ಜೆರಾಕ್ಸ್ ಯಂತ್ರದ ಗಾಜಿನ ಮೇಲೆ ಬೋರಲು ಹಾಕಿ ಒತ್ತಿದರೆ ಬೆನ್ನಿನ ಹೊಲಿಗೆ ಸಡಿಲುತ್ತದೆ, ಅಂಚಿನ ಕಾಗದ ಪುಡಿಯಾಗಿ ಉದುರುತ್ತದೆ. ಮೇಲಿನಿಂದ ತೆಗೆದ ಫೋಟೊ ಹಾಳೆಯನ್ನು ಮುಟ್ಟುವುದೇ ಇಲ್ಲ. ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರ ಓದುಗರಿಗೆ ಸ್ವಂತ ಕ್ಯಾಮೆರಾವನ್ನು ಉಚಿತವಾಗಿ ಬಳಸಲು ಬಿಟ್ಟಿದೆ. ದೂರದ ಕುಷ್ಟಗಿಯಿಂದ ಬೆಂಗಳೂರಿಗೆ ಬಂದ ಸಂಶೋಧಕನಿಗೆ ಇಂಥ ಅನುಕೂಲ ಸಣ್ಣದಲ್ಲ.

ಸೆಲ್ಫಿ ಹುಚ್ಚಿನಲ್ಲಿ ಜನ ಸ್ಮಾರಕ ಕೆಡಿಸುತ್ತಾರಲ್ಲ ಎಂದು ಕೇಳಬಹುದು. 2019ರಲ್ಲಿ ಹಂಪಿಯ ಕಂಬ ಉರುಳಿಸಿದ ಯುವಕರ ವಿಡಿಯೊ ಎಲ್ಲೆಡೆ ಹರಿದಾಡಿದ್ದು ನಿಜ. ಆದರೆ ಕಂಬ ಬಿದ್ದದ್ದು ಕೈಗಳಿಂದ. ಆ ವಿಡಿಯೊದಿಂದಲೇ ಅವರು ಸಿಕ್ಕಿಬಿದ್ದರು, ತಲಾ 70,000 ರೂಪಾಯಿ ದಂಡ ತೆತ್ತು ಕಂಬವನ್ನು ಮತ್ತೆ ನಿಲ್ಲಿಸಬೇಕಾಯಿತು. ಅಪರಾಧ ಮುಟ್ಟುವುದರಲ್ಲಿದೆ, ನೋಡುವುದರಲ್ಲಿಲ್ಲ. 2018ರ ಜುಲೈನಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ತನ್ನ ಸ್ಮಾರಕಗಳಲ್ಲಿ ಫೋಟೊ ನಿರ್ಬಂಧ ತೆಗೆದು, ಅಜಂತಾ, ಲೇಹ್ ಅರಮನೆ, ತಾಜ್‌ಮಹಲಿನ ಗೋರಿಯ ಒಳಭಾಗಕ್ಕೆ ಮಾತ್ರ ಉಳಿಸಿಕೊಂಡದ್ದು ಸರಿಯಾದ ದಾರಿ. ಸಿನಿಮಾ ಚಿತ್ರೀಕರಣಕ್ಕೆ ಅನುಮತಿ, ಶುಲ್ಕ ಇರಲಿ. ಕೈಯಲ್ಲಿರುವ ಮೊಬೈಲಿಗೆ ಬೇಡ. ಎಲ್ಲಿ ನಿಷೇಧ ಬೇಕೇ ಬೇಕೋ ಅಲ್ಲಿ ಅದರ ಕಾರಣವನ್ನು ಫಲಕದಲ್ಲೇ ಕನ್ನಡದಲ್ಲಿ ಬರೆಯಲಿ. ಆ ವಸ್ತುವಿನ ಒಳ್ಳೆಯ ಚಿತ್ರವನ್ನು ಸಂಸ್ಥೆಯೇ ಅಂತರ್ಜಾಲದಲ್ಲಿ ಜನರಿಗೆ ಬಿಟ್ಟುಕೊಡಲಿ.