ಮನೆಯನ್ನು ಬೆಚ್ಚಗಿಡುವ ನೀರು

ಇಂಗ್ಲೆಂಡಿನ ಚಳಿಗಾಲದಲ್ಲಿ ಮನೆಯನ್ನು ಬೆಚ್ಚಗಿಡುವುದು ಬಹುಮಟ್ಟಿಗೆ ನೀರು. ಬಾಯ್ಲರಿನಲ್ಲಿ ಕಾದ ನೀರು ಕೊಳವೆಗಳಲ್ಲಿ ಹರಿದು, ಕೋಣೆಕೋಣೆಯ ಗೋಡೆಗೂ ತಗುಲಿಸಿರುವ ರೇಡಿಯೇಟರೆಂಬ ಉಕ್ಕಿನ ಚಪ್ಪಟೆ ಪೆಟ್ಟಿಗೆಗಳಲ್ಲಿ ತನ್ನ ಕಾವನ್ನು ಬಿಟ್ಟು ಹಿಂದಿರುಗುತ್ತದೆ. ಹಿಂದೆ ಈ ಪರಿಭ್ರಮಣಕ್ಕೆ ಪಂಪೇ ಬೇಕಿರಲಿಲ್ಲ. ಕಾದ ನೀರು ಹಗುರವಾಗಿ ಮೇಲೇರುತ್ತಿತ್ತು, ತಣಿದದ್ದು ಇಳಿಯುತ್ತಿತ್ತು. 80 ಡಿಗ್ರಿ ಸೆಂಟಿಗ್ರೇಡಿನ ನೀರು 4 ಡಿಗ್ರಿಯ ನೀರಿಗಿಂತ ನೂರಕ್ಕೆ ಸುಮಾರು 3ರಷ್ಟು ಮಾತ್ರ ಹಗುರ. ಇಷ್ಟು ಅಲ್ಪಬಲದಿಂದ ನೀರು ಸಾಗಬೇಕಾದುದರಿಂದ ಕೊಳವೆಗಳು ದಪ್ಪವಾಗಿರುತ್ತಿದ್ದವು. ಈಗ ಕೊಳವೆ ಸಣ್ಣದು; ನೀರನ್ನು ನೂಕುವುದು ವಿದ್ಯುತ್ ಪಂಪು.

ಕೋಣೆ ತಣ್ಣಗಾದೊಡನೆ ಪಂಪು ಕೆಟ್ಟಿತೆಂದೋ ಬಾಯ್ಲರು ಮುದಿಯಾಯಿತೆಂದೋ ಹೊಸದಕ್ಕೆ ಹಣ ತೆರುವವರುಂಟು. ಅಲ್ಲಿ ನೆಲೆಸಿರುವ ನಮ್ಮವರಿಗೆ ನಾವು ಹೇಳುವುದಿಷ್ಟೆ: ಮೊದಲು ರೇಡಿಯೇಟರನ್ನು ಮುಟ್ಟಿ ನೋಡಿ. ಪೂರ್ಣ ಕಾದ ಮೇಲೆ ಕೈ ಸುಟ್ಟೀತು. ಆದುದರಿಂದ ಕಾವೇರುತ್ತಿರುವಾಗಲೇ ಮುಟ್ಟುವುದು ಲೇಸು.

ಎಲ್ಲವೂ ತಣ್ಣಗಿದ್ದು, ಬಾಯ್ಲರಿನಿಂದ ಹೊರಡುವ ಕೊಳವೆ ಮಾತ್ರ ಸುಡುತ್ತಿದ್ದರೆ ಆಗ ಪಂಪನ್ನು ಶಂಕಿಸಬಹುದು. ಒಂದೇ ಒಂದು ತಣ್ಣಗಿದ್ದರೆ ಅದರ ಕವಾಟದೊಳಗಿನ ಕಡ್ಡಿ ಬೇಸಗೆಯಲ್ಲಿ ಅಲುಗದೆ ಕಚ್ಚಿಕೊಂಡಿರಬಹುದು. ಹತ್ತಿರದವು ಬಿಸಿ, ದೂರದವು ತಣ್ಣಗೆ ಎಂದರೆ ದೋಷ ಯಂತ್ರದ್ದಲ್ಲ. ನೀರು ಸುಲಭವಾದ ಹಾದಿಯನ್ನು ಹಿಡಿದಿದೆ. ಹತ್ತಿರದವುಗಳ ಹಿಂಗವಾಟವನ್ನು ಕೊಂಚ ಕೊಂಚವಾಗಿ ಬಿಗಿದರೆ ದೂರದವುಗಳಿಗೂ ಪಾಲು ದೊರೆಯುತ್ತದೆ. ಇದು ತಾಳ್ಮೆಯ ಕೆಲಸ. ಒಂದು ಸಂಜೆಯೇ ಹಿಡಿದೀತು.

ಪೆಟ್ಟಿಗೆಯ ಮೇಲ್ಭಾಗ ಮಾತ್ರ ತಣ್ಣಗಿದ್ದರೆ ಅಲ್ಲಿ ಗಾಳಿ ಸೇರಿದೆ. ಪಂಪನ್ನು ನಿಲ್ಲಿಸಿ, ನೀರು ತಣಿದ ಮೇಲೆ, ಮೇಲ್ತುದಿಯ ತಿರುಪನ್ನು ಸಡಿಲಿಸಿದರೆ ಗಾಳಿ ಸುಯ್ಯೆಂದು ಹೊರಬೀಳುತ್ತದೆ. ಕೆಳಭಾಗದ ನಡುವೆ ತಣ್ಣಗಿದ್ದರೆ ಅಲ್ಲಿ ಕೆಸರು ಕೂತಿದೆ. ಈ ಕಪ್ಪು ಕೆಸರು ಹೊರಗಿನಿಂದ ಬಂದುದಲ್ಲ. ರೇಡಿಯೇಟರಿನ ಉಕ್ಕೇ ಸವೆದು ಮ್ಯಾಗ್ನಟೈಟೆಂಬ ಆಕ್ಸೈಡಾಗಿದೆ. ಅಯಸ್ಕಾಂತವನ್ನು ಹಿಡಿದರೆ ಅಂಟಿಕೊಳ್ಳುತ್ತದೆ.

ಈ ಎರಡು ದೋಷಗಳಿಗೂ ನಂಟಿರುವುದನ್ನು ಅನೇಕರು ಗಮನಿಸುವುದಿಲ್ಲ. ಉಕ್ಕು ಹೀಗೆ ಸವೆಯುವಾಗ ಹೈಡ್ರೊಜನ್ ಹುಟ್ಟುತ್ತದೆ. ವಾರವಾರವೂ ಗಾಳಿ ಬಿಡಬೇಕಾಗಿ ಬಂದರೆ ಹೊರಬರುತ್ತಿರುವುದು ಗಾಳಿಯೇ ಎಂದು ನಂಬಲಾಗದು. ಅದರ ಬಳಿ ದೀಪ ಹಿಡಿಯುವುದು ಅಪಾಯ. ಎಲ್ಲಿಯೋ ನೀರು ಸೋರುತ್ತಿರಲೂಬಹುದು: ಸೋರಿದಷ್ಟು ತುಂಬುವ ಹೊಸ ನೀರು ಹೊಸ ಆಮ್ಲಜನಕವನ್ನು ತಂದು ತುಕ್ಕಿಗೆ ಉಣಿಸುತ್ತದೆ. ಸೋರಿಕೆಯನ್ನು ಮುಚ್ಚಿ, ಕೆಸರನ್ನು ತೊಳೆಸಿ, ತುಕ್ಕುನಿರೋಧಕ ದ್ರಾವಣವನ್ನು ಸೇರಿಸದೆ ಹೊಸ ಪಂಪನ್ನು ಕೂರಿಸಿದರೆ ಅದೇ ಕೆಸರು ಅದನ್ನೂ ಕಚ್ಚುತ್ತದೆ.